ಅಂಗೈಯಗಲದ ದೈತ್ಯರು

ಮೊದಲು ತೂಕದ ಮಾತು. ಹನ್ನೆರಡು ಸೆಂಟಿಮೀಟರ್ ಎತ್ತರದ ಒಂದು ರೋಬೋ ಗೊಂಬೆಯನ್ನು ಕೈಗಿತ್ತರೆ, ಪ್ಲಾಸ್ಟಿಕ್ ಆಟಿಕೆಗಳಿಗೆ ಒಗ್ಗಿಹೋದ ಕೈ ಅರೆಕ್ಷಣ ಕೆಳಕ್ಕೆ ಜಗ್ಗುತ್ತದೆ. ಕಣ್ಣು ಹಾಕಿದ ಅಂದಾಜಿಗೂ ಅಂಗೈಗೆ ಬಿದ್ದ ಭಾರಕ್ಕೂ ತಾಳೆಯಾಗುವುದಿಲ್ಲ. 1974ರಲ್ಲಿ ಜಪಾನಿನ ಪೋಪಿ ಕಂಪನಿ ‘ಚೋಗೋಕಿನ್’ ಎಂಬ ಹೆಸರಿಟ್ಟು ಮಾರುಕಟ್ಟೆಗೆ ತಂದ ಮಜಿಂಗರ್ ಝಡ್ ಗೊಂಬೆ ಅಲ್ಲಿನ ಮಕ್ಕಳ ಮನಸ್ಸು ಗೆದ್ದದ್ದು ಎಲ್ಲಕ್ಕಿಂತ ಹೆಚ್ಚಾಗಿ ಈ ಭಾರದಿಂದಲೇ ಎಂದು ನನ್ನ ನಂಬಿಕೆ. ಕಪ್ಪು ಮೈ, ಎದೆಯ ಮೇಲೆ ಎರಡು ಕೆಂಪು ಫಲಕ, ಸ್ಪ್ರಿಂಗಿನ ಬಲಕ್ಕೆ ಚಿಮ್ಮಿ ಹಾರುವ ಮುಷ್ಟಿ. ಸಂಗ್ರಾಹಕರ ಪಟ್ಟಿಯಲ್ಲಿ ಅದರ ನಂಬರು ಜಿಎ-01. ಅನಿಮೆಯ, ಅಂದರೆ ಜಪಾನಿ ಅನಿಮೇಷನ್ ಧಾರಾವಾಹಿಗಳ, ರೋಬೋಗಳನ್ನು ಲೋಹದಲ್ಲಿ ಎರಕ ಹೊಯ್ದು ಅಂಗೈಗೆ ಇಳಿಸುವ ಕಸುಬು ಅಲ್ಲಿಂದೀಚೆಗೆ ಐವತ್ತು ವರ್ಷ ಬೆಳೆದುಬಂದಿದೆ. ಈ ಪುಟ್ಟ ದೈತ್ಯರನ್ನು ಹುಡುಕಿ, ಕೊಂಡು, ಜೋಪಾನ ಮಾಡುವವರು ಇಂದು ಜಗತ್ತಿನ ಎಲ್ಲ ಕಡೆ ಇದ್ದಾರೆ. ಅವರು ಒಂದು ಗೊಂಬೆಯನ್ನು ಎತ್ತಿ ತಿರುಗಿಸಿ ನೋಡುವಾಗ ಏನನ್ನು ನೋಡುತ್ತಾರೆ ಎಂಬುದನ್ನು ಇಲ್ಲಿ ಸಾವಕಾಶವಾಗಿ ಹೇಳಬೇಕೆಂದಿದ್ದೇನೆ.

ಮಜಿಂಗರ್ ಝಡ್ ಹುಟ್ಟಿದ್ದು 1972ರಲ್ಲಿ, ಕಾಮಿಕ್ಸ್ ಕಲಾವಿದ ಗೋ ನಗಾಯ್ ಅವರ ಕೈಯಲ್ಲಿ. ಟ್ರಾಫಿಕ್ ಜಾಮ್‌ನಲ್ಲಿ ಸಾಲುಗಟ್ಟಿ ನಿಂತ ವಾಹನಗಳನ್ನು ನೋಡುತ್ತಿದ್ದಾಗ, ಕಾರಿಗೇ ಕೈಕಾಲು ಮೂಡಿ ಎಲ್ಲರನ್ನೂ ದಾಟಿಕೊಂಡು ನಡೆದುಬಿಟ್ಟರೆ ಹೇಗಿರುತ್ತದೆ ಎಂದು ಹೊಳೆಯಿತೆಂದು ಅವರು ಹೇಳಿಕೊಂಡಿದ್ದಾರೆ. ಅದಕ್ಕೆ ಮುಂಚೆ ಜಪಾನಿನ ಕಥೆಗಳಲ್ಲಿದ್ದ ದೊಡ್ಡ ರೋಬೋಗಳನ್ನು ಹುಡುಗರು ದೂರದಿಂದ ರಿಮೋಟ್ ಹಿಡಿದು ಆಡಿಸುತ್ತಿದ್ದರು. ಇಲ್ಲಿ ಹುಡುಗ ಪುಟ್ಟ ಹಾರುವ ಯಂತ್ರವೊಂದರಲ್ಲಿ ಬಂದು ಹದಿನೆಂಟು ಮೀಟರ್ ಎತ್ತರದ ದೈತ್ಯನ ನೆತ್ತಿಯೊಳಗೇ ಕೂರುತ್ತಾನೆ. ದೈತ್ಯನ ಮೈ ಅವನದೇ ಮೈ ಆಗುತ್ತದೆ. 1972ರ ಡಿಸೆಂಬರ್‌ನಲ್ಲಿ ಫುಜಿ ಟಿವಿಯಲ್ಲಿ ಶುರುವಾದ ಧಾರಾವಾಹಿ 92 ಕಂತು ಓಡಿತು. ಕಥೆಯಲ್ಲಿ ಮಜಿಂಗರನ ಮೈ ಫುಜಿ ಪರ್ವತದ ಬುಡದಲ್ಲಿ ಸಿಗುವ ಅಪೂರ್ವ ಅದಿರಿನಿಂದ ತಯಾರಾದ, ಯಾವುದಕ್ಕೂ ಜಗ್ಗದ ಮಹಾ ಮಿಶ್ರಲೋಹ. ಚೋಗೋಕಿನ್ ಎಂಬ ಹೆಸರು ಬಂದದ್ದು ಆ ಲೋಹದಿಂದಲೇ. ಗೊಂಬೆಯೂ ಲೋಹದ್ದೇ ಆಗಿದ್ದರಿಂದ ಅದನ್ನು ಹಿಡಿದ ಮಗುವಿಗೆ ಕಥೆಯ ಒಂದು ತುಣುಕೇ ಕೈಗೆ ಬಂದಂತಾಯಿತು.

ಪೋಪಿ ಆಗ ಹೊಸ ಸಂಸ್ಥೆ. ಬಂಡಾಯ್ ಎಂಬ ಟೋಕಿಯೊದ ಆಟಿಕೆ ಕಂಪನಿ 1971ರಲ್ಲಿ ಅದನ್ನು ಹುಟ್ಟುಹಾಕಿತ್ತು. ಮಜಿಂಗರನನ್ನು ಅದು ಮೊದಲು ಮಾಡಿದ್ದು 1973ರಲ್ಲಿ, ಅರವತ್ತು ಸೆಂಟಿಮೀಟರ್ ಎತ್ತರದ ಪಾಲಿಥೀನ್ ಗೊಂಬೆಯಾಗಿ. ಜಂಬೋ ಮಶಿಂಡರ್ ಎಂಬ ಆ ಗೊಂಬೆ ಶ್ಯಾಂಪೂ ಬಾಟಲಿಯ ಪ್ಲಾಸ್ಟಿಕ್ಕಿನದು. ಒಳಗೆ ಟೊಳ್ಳು, ಎತ್ತಿದರೆ ಹಗುರ. ಅದೂ ಚೆನ್ನಾಗಿಯೇ ಮಾರಾಟವಾಯಿತು, ಇವತ್ತು ಅದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದಾದ ಮೇಲೆ ಗಾತ್ರವನ್ನು ಐದನೇ ಒಂದು ಪಾಲಿಗೆ ಇಳಿಸಿ, ಪ್ಲಾಸ್ಟಿಕ್ಕಿನ ಜಾಗಕ್ಕೆ ಲೋಹ ತಂದರಲ್ಲ, ಆ ತೀರ್ಮಾನವನ್ನು ನಾನು ಬಹಳ ಮೆಚ್ಚುತ್ತೇನೆ. ಚಿಕ್ಕದು ಮಾಡಿದರೆ ಗಾಂಭೀರ್ಯ ಹೋಗುತ್ತದೆ ಎಂದು ಯಾರಿಗಾದರೂ ಅನಿಸುವ ಕಡೆ, ಚಿಕ್ಕದನ್ನೇ ಗಂಭೀರವಾಗಿಸುವ ದಾರಿ ಅವರಿಗೆ ಸಿಕ್ಕಿತು.

ಆ ಲೋಹ ಸತು. ಅದಕ್ಕೆ ನೂರಕ್ಕೆ ನಾಲ್ಕು ಪಾಲಿನಷ್ಟು ಅಲ್ಯೂಮಿನಿಯಂ, ಚಿಟಿಕೆಯಷ್ಟು ಮೆಗ್ನೀಸಿಯಂ ಸೇರಿಸಿದ ಮಿಶ್ರಣ. ಆಟಿಕೆಗಳಲ್ಲಿ ಬಳಸುವ ಎಬಿಎಸ್ ಪ್ಲಾಸ್ಟಿಕ್ಕಿಗಿಂತ ಇದು ಸುಮಾರು ಆರು ಪಟ್ಟು ಭಾರ. ಕರಗುವುದಕ್ಕೆ ನಾನೂರು ಡಿಗ್ರಿಯ ಆಸುಪಾಸಿನ ಶಾಖ ಸಾಕು; ಕಬ್ಬಿಣಕ್ಕೆ ಬೇಕಾದ ಉರಿಯ ಮೂರನೇ ಒಂದು ಭಾಗವೂ ಅಲ್ಲ. ಹಾಗಾಗಿ ಉಕ್ಕಿನ ಅಚ್ಚು ಬೇಗ ಸವೆಯುವುದಿಲ್ಲ, ಒಂದೇ ಅಚ್ಚಿನಿಂದ ಲೆಕ್ಕವಿಲ್ಲದಷ್ಟು ಬಿಡಿಭಾಗ ತೆಗೆಯಬಹುದು. ಕರಗಿದ ಸತು ತೆಳುವಾಗಿ ಹರಿಯುತ್ತದೆ, ಅಚ್ಚಿನ ಮೂಲೆಮೂಲೆಗೂ ನುಗ್ಗುತ್ತದೆ, ಕೂದಲೆಳೆಯಂಥ ಗೆರೆಯನ್ನೂ ಬಿಡದೆ ಎತ್ತಿಕೊಳ್ಳುತ್ತದೆ. ಗೊಂಬೆಯ ಎದೆಯ ಮೇಲಿನ ಸಣ್ಣ ಸಣ್ಣ ಅಂಚುಗಳು ಅಷ್ಟು ಚೂಪಾಗಿ ಕಾಣುವುದು ಇದರಿಂದಲೇ.

ಅಚ್ಚು ಎರಡು ಭಾಗದ್ದು, ನಮ್ಮ ಕರ್ಜಿಕಾಯಿ ಅಚ್ಚಿನ ಹಾಗೆ. ಎರಡೂ ಬಿಗಿಯಾಗಿ ಕೂಡಿಕೊಂಡಾಗ ಒತ್ತಡದಲ್ಲಿ ಲೋಹ ಒಳನುಗ್ಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ, ಅಚ್ಚು ತೆರೆದು ತುಣುಕು ಉದುರುತ್ತದೆ. ಅದು ಉದುರಬೇಕೆಂದರೆ ತುಣುಕಿನ ಪಕ್ಕಗಳು ಸ್ವಲ್ಪವಾದರೂ ಓರೆಯಾಗಿರಬೇಕು. ಪೂರಾ ನೆಟ್ಟಗಿದ್ದರೆ ಕಚ್ಚಿಕೊಳ್ಳುತ್ತದೆ. ಒಳಕ್ಕೆ ಬಾಗಿದ್ದರಂತೂ ಬರುವುದೇ ಇಲ್ಲ. ಮಜಿಂಗರನ ಮೊಣಕಾಲ ಕೆಳಗಿನ ಭಾಗವನ್ನು ಗಮನಿಸಿ: ಚಿತ್ರದಲ್ಲಿ ದುಂಡನೆಯ ಕಂಬದಂತಿರುವುದು ಗೊಂಬೆಯಲ್ಲಿ ಮುಂದಿನ ಸಿಪ್ಪೆ, ಹಿಂದಿನ ಸಿಪ್ಪೆ ಎಂದು ಎರಡಾಗಿ ಬಂದು ಕೂಡಿಕೊಂಡಿರುತ್ತದೆ. ಎರಡರ ನಡುವಿನ ಗೆರೆ ಎಲ್ಲಿ ಬರಬೇಕು, ಸ್ಕ್ರೂ ಯಾವ ಕಡೆ ಅಡಗಬೇಕು, ಗೋಡೆ ಎಷ್ಟು ದಪ್ಪವಿದ್ದರೆ ತಣಿಯುವಾಗ ಸೊಟ್ಟಗಾಗುವುದಿಲ್ಲ, ಇದನ್ನೆಲ್ಲ ಅಚ್ಚು ಕೆತ್ತುವ ಮೊದಲೇ ತೀರ್ಮಾನಿಸಬೇಕು. ಉಕ್ಕಿನಲ್ಲಿ ಒಮ್ಮೆ ಕೊರೆದದ್ದನ್ನು ಬದಲಾಯಿಸುವುದು ಬಲು ದುಬಾರಿ. ಹೊರಬಂದ ತುಣುಕಿನ ಅಂಚಿಗೆ ಅಂಟಿರುವ ತೆಳ್ಳನೆಯ ಲೋಹದ ರೆಕ್ಕೆಗಳನ್ನು ಕತ್ತರಿಸಿ, ಮೈ ನುಣುಪು ಮಾಡಿ, ಬೇಡದ ಕಡೆ ಬಣ್ಣ ಬೀಳದಂತೆ ಮರೆ ಹಿಡಿದು ಸ್ಪ್ರೇ ಮಾಡಿದ ಮೇಲೆ ಜೋಡಣೆ. ಹೊಳೆಯುವ ಬೆಳ್ಳಿ ಬಣ್ಣದ ಭಾಗಗಳು ಬಹುತೇಕ ಲೋಹವಲ್ಲ, ಕ್ರೋಮ್ ಲೇಪದ ಪ್ಲಾಸ್ಟಿಕ್. ಭಾರವಾಗಿರುವ ಲೋಹ ಬಣ್ಣದಡಿ ಮರೆಯಾಗಿರುತ್ತದೆ, ಲೋಹದಂತೆ ಮಿನುಗುವುದು ಹಗುರವಾಗಿರುತ್ತದೆ.

ಇಷ್ಟು ಆದರೂ ಅದು ಒಂದು ಒಳ್ಳೆಯ ಲೋಹದ ಗೊಂಬೆ ಅಷ್ಟೆ. ಈ ಕಸುಬಿನ ನಿಜವಾದ ಎತ್ತರ ತಿಳಿಯಬೇಕಾದರೆ ರೂಪ ಬದಲಿಸುವ, ಒಂದರೊಳಗೊಂದು ಕೂಡಿಕೊಳ್ಳುವ ರೋಬೋಗಳ ಕಡೆ ಬರಬೇಕು.

1974ರಲ್ಲೇ ಗೋ ನಗಾಯ್ ಮತ್ತು ಕೆನ್ ಇಶಿಕಾವಾ ಗೆಟ್ಟರ್ ರೋಬೋ ಎಂಬ ಕಥೆ ಕಟ್ಟಿದರು. ಮೂರು ವಿಮಾನಗಳು ಒಂದರ ಬೆನ್ನಿಗೊಂದು ಢಿಕ್ಕಿ ಹೊಡೆದು ಒಂದು ರೋಬೋ ಆಗುತ್ತವೆ. ವಿಮಾನಗಳ ಸರದಿ ಬದಲಾದರೆ ಬೇರೆ ರೋಬೋ: ಆಕಾಶಕ್ಕೊಂದು, ನೆಲಕ್ಕೊಂದು, ನೀರಿಗೊಂದು. ಕಲ್ಪನೆಯಾಗಿ ಅದ್ಭುತ. ತೆರೆಯ ಮೇಲೆ ಅದು ಸಾಧ್ಯವಾದದ್ದು ಚಿತ್ರಕಾರರು ಲೋಹವನ್ನು ಹಿಟ್ಟಿನಂತೆ ಎಳೆದದ್ದರಿಂದ. ವಿಮಾನದ ಮೂತಿ ಉಬ್ಬಿ ತಲೆಯಾಗುತ್ತದೆ, ಎಲ್ಲಿಂದಲೋ ತೋಳು ಬೆಳೆದು ಬರುತ್ತದೆ. ಕಾಗದದ ಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ. ಸತುವಿನಲ್ಲಿ ಎರಕ ಹೊಯ್ಯುವವನಿಗೆ ಮಾತ್ರ ಒಂದು ಗುಂಜಿಯನ್ನೂ ಹೊಸದಾಗಿ ಹುಟ್ಟಿಸಲಾಗದು, ಇದ್ದದ್ದನ್ನು ಮಾಯ ಮಾಡಲೂ ಆಗದು. ಹಾಗಾಗಿ ಗೆಟ್ಟರ್ ರೋಬೋಗಳು ಆಗ ಕೂಡಿಕೊಳ್ಳದ ಬಿಡಿ ಗೊಂಬೆಗಳಾಗಿಯೇ ಬಂದವು.

ಪೋಪಿಯ ವಿನ್ಯಾಸಕಾರ ಕತ್ಸುಷಿ ಮುರಕಾಮಿ ಮತ್ತು ಅವರ ಜೊತೆಗಾರರು ಇದನ್ನು ಇನ್ನೊಂದು ತುದಿಯಿಂದ ಹಿಡಿದರು. ಕೈಯಲ್ಲಿ ನಿಜವಾಗಿ ಕೂಡುವ ರಚನೆಯನ್ನು ಮೊದಲು ಯೋಚಿಸಿ, ಕಥೆಯವರು ಅದನ್ನೇ ತೆರೆಗೆ ಒಯ್ಯುವಂತೆ ಮಾಡಿದರು. 1975ರ ರೈದೀನ್ ರೋಬೋ ಮಡಚಿಕೊಂಡು ಹಕ್ಕಿಯಾಯಿತು, ಗೊಂಬೆಯಲ್ಲೂ ಹಾಗೆಯೇ ಆಯಿತು. 1976ರಲ್ಲಿ ಕಾಂಬ್ಯಾಟ್ಲರ್ ವಿ ಬಂದಾಗ ಈ ವಿದ್ಯೆ ಪಕ್ವವಾಗಿತ್ತು. ಐದು ಯಂತ್ರಗಳು: ಬ್ಯಾಟಲ್ ಜೆಟ್ ತಲೆ, ಬ್ಯಾಟಲ್ ಕ್ರ್ಯಾಷರ್ ತೋಳುಗಳು, ಬ್ಯಾಟಲ್ ಟ್ಯಾಂಕ್ ಮುಂಡ, ಬ್ಯಾಟಲ್ ಮರೀನ್ ಕಾಲುಗಳು, ಬ್ಯಾಟಲ್ ಕ್ರಾಫ್ಟ್ ಪಾದಗಳು. ಐದಕ್ಕೂ ತನ್ನದೇ ಒಂದು ಬಾಳು ಇದೆ. ಟ್ಯಾಂಕನ್ನು ನೆಲದ ಮೇಲೆ ಓಡಿಸಿ ಆಡುವ ಮಗುವಿಗೆ ಅದು ಯಾರದೋ ಹೊಟ್ಟೆ ಎಂದು ಅನಿಸಬಾರದು. ಕೂಡಿ ನಿಂತಾಗ ಯಾರಿಗೂ ಅದು ಟ್ಯಾಂಕಿನಂತೆ ಕಾಣಬಾರದು. ಒಂದೇ ಆಕಾರ ಎರಡು ಕಡೆ ಸಲ್ಲಬೇಕು. ಜೊತೆಗೆ ಭಾರದ ಲೆಕ್ಕ ಬೇರೆ. ಮೇಲಿನ ನಾಲ್ಕರ ಹೊರೆಯನ್ನು ಕೆಳಗಿನದು ಹೊರಬೇಕು, ಒಂದೊಂದು ಸೇರುಗೂಟವೂ ಸಡಿಲಾಗದಷ್ಟು ಬಿಗಿ, ಎಂಟು ವರ್ಷದ ಮಗು ಎಳೆದರೆ ಬರುವಷ್ಟು ಸಲೀಸು ಇರಬೇಕು. ಮರುವರ್ಷ ಬಂದ ವೋಲ್ಟಸ್ ವಿ ಇದೇ ದಾರಿಯನ್ನು ಇನ್ನಷ್ಟು ಹಸನು ಮಾಡಿತು. ಈ ಐದೈದು ಯಂತ್ರಗಳನ್ನು ಬಿಡಿಬಿಡಿಯಾಗಿಯೂ ಮಾರುತ್ತಿದ್ದರು, ಒಟ್ಟಿಗೆ ಒಂದು ದೊಡ್ಡ ಪೆಟ್ಟಿಗೆಯಲ್ಲೂ ಕೊಡುತ್ತಿದ್ದರು. ವ್ಯಾಪಾರದ ಜಾಣತನ ಹೌದು, ಆದರೆ ಒಂದೊಂದೇ ಅಂಗ ಮನೆಗೆ ಬಂದು ವೀರನೊಬ್ಬ ನಿಧಾನವಾಗಿ ಎದ್ದು ನಿಲ್ಲುವ ಸುಖವನ್ನೂ ಅದು ಮಕ್ಕಳಿಗೆ ಕೊಟ್ಟಿತು. ನಮ್ಮಲ್ಲಿ ಟಿವಿಯ ಪವರ್ ರೇಂಜರ್ಸ್ ನೋಡಿ ಬೆಳೆದವರಿಗೆ ಐದು ಯಂತ್ರ ಕೂಡಿ ಒಂದಾಗುವ ದೃಶ್ಯ ಚಿರಪರಿಚಿತ; ಅದರ ಹಿರಿಯರು ಈ ಗೊಂಬೆಗಳು.

ನನಗೆ ಈ ಇಡೀ ಪರಂಪರೆಯ ಶಿಖರವಾಗಿ ಕಾಣುವುದು ಪೋಪಿಯ ಗೊಂಬೆಯಲ್ಲ, ತಕತೋಕು ಎಂಬ ಸಣ್ಣ ಕಂಪನಿ 1982ರಲ್ಲಿ ಮಾಡಿದ ವಿಎಫ್-1 ವ್ಯಾಲ್ಕಿರಿ. ಆ ವರ್ಷ ಅಕ್ಟೋಬರ್‌ನಲ್ಲಿ ಶುರುವಾದ ಮ್ಯಾಕ್ರಾಸ್ ಧಾರಾವಾಹಿಯ ಯುದ್ಧವಿಮಾನ ಅದು. ವಿನ್ಯಾಸ ಶೋಜಿ ಕವಾಮೋರಿ ಎಂಬ ಇಪ್ಪತ್ತೆರಡರ ತರುಣನದು. ರೂಪಾಂತರಗಳನ್ನು ಕಾಗದದಲ್ಲಷ್ಟೇ ನಂಬದೆ ಲೆಗೋ ಇಟ್ಟಿಗೆಗಳಲ್ಲಿ ಜೋಡಿಸಿ ಪರೀಕ್ಷಿಸುವ ಅಭ್ಯಾಸ ಅವರದು. ವ್ಯಾಲ್ಕಿರಿಯನ್ನು ಬಿಡಿಸಿ ನೋಡುವುದೆಂದರೆ ಒಂದು ಗಣಿತದ ಸಾಧನೆಯನ್ನು ಬೆರಳಲ್ಲಿ ಓದಿದಂತೆ, ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡೋಣ.

ಕೈಯಲ್ಲಿರುವುದು ಅಮೆರಿಕದ ಎಫ್-14 ಟಾಮ್‌ಕ್ಯಾಟ್ ಹೋಲುವ ವಿಮಾನ, 1/55ರ ಪ್ರಮಾಣದ್ದು. ಹೊಟ್ಟೆಯಡಿ ಎರಡು ಉದ್ದನೆಯ ಎಂಜಿನ್‌ಗಳು. ಅವನ್ನು ಕೆಳಕ್ಕೆ ಎಳೆದು ಮುಂದಕ್ಕೆ ತಂದರೆ ಎರಡು ಕಾಲುಗಳಾಗುತ್ತವೆ. ಬೆಂಕಿ ಉಗುಳುವ ಹಿಂಬಾಯಿ ಎರಡಾಗಿ ತೆರೆದುಕೊಂಡು ಪಾದವಾಗುತ್ತದೆ. ಎಂಜಿನ್‌ಗಳ ನಡುವೆ ಮಡಚಿಕೊಂಡು ಬಚ್ಚಿಟ್ಟುಕೊಂಡಿದ್ದ ಕೈಗಳು ಪಕ್ಕಕ್ಕೆ ಬರುತ್ತವೆ. ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ವಿಮಾನ, ಅರ್ಧ ರೋಬೋ: ಮಂಡಿ ಹಿಂದಕ್ಕೆ ಬಾಗಿದ ಕೊಕ್ಕರೆಯ ನಿಲುವು. ಮುಂದುವರಿದು ವಿಮಾನದ ಬೆನ್ನನ್ನು ಮಡಚಿದರೆ ಮೂತಿ ಕೆಳಮುಖವಾಗಿ ಸೊಂಟದ ಕಡೆ ಇಳಿಯುತ್ತದೆ, ರೆಕ್ಕೆಗಳು ಹಿಂದೆ ಸರಿಯುತ್ತವೆ, ಬಾಲದ ಭಾಗ ಬೆನ್ನಚೀಲದಂತೆ ಕೂರುತ್ತದೆ, ಪೈಲಟ್ ಕೂರುವ ಗಾಜಿನ ಮೇಲೆ ಒಂದು ರಕ್ಷಾಫಲಕ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯಡಿಯ ಲೇಸರ್ ಬಂದೂಕಿನ ಗೋಪುರವೆಂದು ಇಷ್ಟು ಹೊತ್ತು ಅಂದುಕೊಂಡದ್ದು ತಲೆಯಾಗಿ ಮೇಲೇಳುತ್ತದೆ. ಒಂದು ತುಣುಕನ್ನೂ ಕಳಚಿಲ್ಲ, ಒಂದನ್ನೂ ಹೊರಗಿನಿಂದ ಸೇರಿಸಿಲ್ಲ. ತೆರೆಯ ಮೇಲೆ ಕಂಡ ಕ್ರಮವೇ ಕೈಯಲ್ಲೂ ನಡೆಯಿತು. ಗೆಟ್ಟರ್ ಕೇಳಿದ ಪ್ರಶ್ನೆಗೆ ಎಂಟು ವರ್ಷದ ಬಳಿಕ ಸಿಕ್ಕ ಪೂರ್ಣ ಉತ್ತರ ಇದು. ತಕತೋಕು 1984ರಲ್ಲಿ ದಿವಾಳಿಯಾಯಿತು. ಅಚ್ಚುಗಳು ಬಂಡಾಯ್ ಕೈಗೆ ಹೋದವು. ಅದೇ ವಿಮಾನ ಮರುವರ್ಷ ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ಸ್ ಸಾಲಿನ ಜೆಟ್‌ಫೈರ್ ಆಗಿ ಬಂತು. ಟ್ರಾನ್ಸ್‌ಫಾರ್ಮರ್ಸ್‌ನ ಮೊದಲ ಗೊಂಬೆಗಳೂ ಹೆಚ್ಚಿನಂಶ ಜಪಾನಿನ ತಕಾರಾ ಕಂಪನಿಯ ಹಳೆಯ ಅಚ್ಚುಗಳಿಂದಲೇ ಬಂದವು.

ಈ ಗೊಂಬೆಗಳು ಹೊರದೇಶಗಳಿಗೆ ಹೋದ ಕಥೆ ದೊಡ್ಡದು. ಫ್ರಾನ್ಸ್‌ನಲ್ಲಿ 1978ರಲ್ಲಿ ಗ್ರೆಂಡೈಸರ್ ಎಂಬ ರೋಬೋ ‘ಗೋಲ್ಡೊರಾಕ್’ ಎಂಬ ಹೆಸರಲ್ಲಿ ಮನೆಮಾತಾಯಿತು. ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿ ಈ ಗೊಂಬೆಗಳನ್ನು ಶೋಗನ್ ವಾರಿಯರ್ಸ್ ಎಂದು ಮಾರಿತು. ಫಿಲಿಪ್ಪೀನ್ಸ್‌ನಲ್ಲಿ ವೋಲ್ಟಸ್ ವಿ ಧಾರಾವಾಹಿಯನ್ನು ಆಗಿನ ಅಧ್ಯಕ್ಷ ಮಾರ್ಕೋಸ್ 1979ರಲ್ಲಿ ನಿಷೇಧಿಸಿದರು, ಕೊನೆಯ ಕಂತುಗಳನ್ನು ಮಕ್ಕಳು ನೋಡಲಾಗಲಿಲ್ಲ. ಆ ಮಕ್ಕಳ ತಲೆಮಾರು ಅದನ್ನು ಮರೆಯಲಿಲ್ಲ. 2023ರಲ್ಲಿ ಅಲ್ಲಿನ ಟಿವಿಯೇ ಅದನ್ನು ನಟರನ್ನಿಟ್ಟು ಹೊಸದಾಗಿ ತಯಾರಿಸಿತು. ಜಪಾನಿನಲ್ಲಿ 1979ರ ಗುಂಡಮ್ ಎಂಬ ರೋಬೋ ಧಾರಾವಾಹಿ ಮಾತ್ರ ಬೇರೆ ಹಾದಿ ಹಿಡಿಯಿತು. ಅದರ ಲೋಹದ ಆಟಿಕೆಗಳು ಸರಿಯಾಗಿ ಮಾರಾಟವಾಗದೆ ಧಾರಾವಾಹಿಯನ್ನೇ 43 ಕಂತಿಗೆ ಮೊಟಕುಗೊಳಿಸಿದರು. 1980ರಲ್ಲಿ ಬಂಡಾಯ್ ಮುನ್ನೂರು ಯೆನ್ನಿಗೆ ತಂದ, ನಾವೇ ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಕಿಟ್‌ಗಳಿಂದ ಅದು ಮತ್ತೆ ಚಿಗುರಿತು. ಅದು ಇನ್ನೊಂದೇ ಲೇಖನದ ವಸ್ತು.

ಲೋಹದ ಗೊಂಬೆಗಳ ಎರಡನೆಯ ಪರ್ವ 1997ರಲ್ಲಿ ತೆರೆಯಿತು. ಎಪ್ಪತ್ತರ ದಶಕದ ಮಕ್ಕಳು ಆಗ ಸಂಬಳ ತರುವ ದೊಡ್ಡವರಾಗಿದ್ದರು. ಅವರಿಗಾಗಿಯೇ ಬಂಡಾಯ್ ‘ಸೋಲ್ ಆಫ್ ಚೋಗೋಕಿನ್’ ಎಂಬ ಸಾಲು ಶುರುಮಾಡಿತು. ಮೊದಲ ಸಂಖ್ಯೆ ಜಿಎಕ್ಸ್-01, ಮತ್ತೆ ಮಜಿಂಗರನೇ. ಹಳೆಯ ಗೊಂಬೆಯ ಭಾರ ಹಾಗೇ ಇತ್ತು, ಮೈಕಟ್ಟು ಮಾತ್ರ ತೆರೆಯ ಮೇಲಿನ ವೀರನಿಗೆ ಬಹಳ ಹತ್ತಿರ ಬಂದಿತ್ತು. ಈ ಸಾಲಿನಲ್ಲಿ ನಾನು ಮೆಚ್ಚುವುದು ಲೋಹವನ್ನು ಎಲ್ಲಿಡಬೇಕು ಎಂಬ ವಿವೇಕ. ಪಾದ, ಮೊಣಕಾಲ ಕೆಳಭಾಗ, ಮುಂಡದ ಚೌಕಟ್ಟಿಗೆ ಸತು. ಭುಜದ ಹೊರಕವಚ, ತಲೆ, ರೆಕ್ಕೆಗಳಿಗೆ ಪ್ಲಾಸ್ಟಿಕ್. ಭಾರ ಕೆಳಗಿದ್ದರೆ ಗೊಂಬೆ ಒಂದು ಕಾಲು ಮುಂದಿಟ್ಟ ಭಂಗಿಯಲ್ಲೂ ಬೀಳದೆ ನಿಲ್ಲುತ್ತದೆ. ಭಾರದ ತೊಡೆ ತನ್ನ ತೂಕಕ್ಕೆ ತಾನೇ ಜಾರದಂತೆ ಸೊಂಟದ ಕೀಲಿಗೆ ಹಲ್ಲು ಕೊಟ್ಟಿರುತ್ತಾರೆ, ಬಾಗಿಸಿದಾಗ ಕಟಕಟ ಸದ್ದು ಕೇಳುತ್ತದೆ. ಆ ಸದ್ದಿಗೇ ಮನಸೋತವರಿದ್ದಾರೆ. ಇದೇ ಪರಂಪರೆಯವರು 2014ರಲ್ಲಿ ಹಲೋ ಕಿಟ್ಟಿ ಎಂಬ ಮುದ್ದು ಕಾರ್ಟೂನ್ ಪಾತ್ರವನ್ನೂ ಚೋಗೋಕಿನ್ ಮಾಡಿದರು, ಅಷ್ಟೇ ಶ್ರದ್ಧೆಯಿಂದ.

ಸಂಗ್ರಹಿಸುವವರ ಕ್ಷೇತ್ರಗಳು ಟೋಕಿಯೊದಲ್ಲಿ ಎರಡು. ನಕಾನೋ ಬ್ರಾಡ್‌ವೇ ಎಂಬ 1966ರ ಹಳೆಯ ವಾಣಿಜ್ಯ ಸಂಕೀರ್ಣದಲ್ಲಿ ಮಂದರಾಕೆ ಅಂಗಡಿ 1980ರಲ್ಲಿ ಹಳೆ ಕಾಮಿಕ್ಸ್ ಮಾರಾಟದಿಂದ ಶುರುವಾಗಿ, ಈಗ ಹಲವು ಮಳಿಗೆಗಳಿಗೆ ಹಬ್ಬಿದೆ. ಇನ್ನೊಂದು ಅಕಿಹಾಬರ. ಅಲ್ಲಿ ಗಾಜಿನ ಗೂಡುಗಳನ್ನು ಬಾಡಿಗೆಗೆ ಕೊಡುತ್ತಾರೆ; ಯಾರು ಬೇಕಾದರೂ ತಮ್ಮ ಗೊಂಬೆಯನ್ನು ಬೆಲೆಚೀಟಿ ಅಂಟಿಸಿ ಇಡಬಹುದು. ಕೊಳ್ಳುವ ಉದ್ದೇಶವಿಲ್ಲದೆ ನೋಡಬೇಕೆನ್ನುವವರಿಗೆ ತೊಚಿಗಿ ಪ್ರಾಂತದ ಮಿಬು ಊರಿನಲ್ಲಿ ಬಂಡಾಯ್ ಮ್ಯೂಸಿಯಂ ಇದೆ.

ಪಳಗಿದ ಸಂಗ್ರಾಹಕ ಗೊಂಬೆಯ ಮುಖಕ್ಕಿಂತ ಮೊದಲು ಅದರ ಅಂಚುಗಳನ್ನು ನೋಡುತ್ತಾನೆ. ಬಣ್ಣ ಮೊದಲು ಹೋಗುವುದು ಮಂಡಿ, ಭುಜ, ಪಾದದ ತುದಿಯಲ್ಲಿ. ಆಮೇಲೆ ಮುಷ್ಟಿ, ಕ್ಷಿಪಣಿಗಳು: ಚಿಕ್ಕವು, ಹಾರುವವು, ಆದ್ದರಿಂದ ಕಳೆದುಹೋಗಿರುವ ಸಾಧ್ಯತೆ ಜಾಸ್ತಿ, ಈಗ ಇರುವವು ಅಸಲಿಯೋ ಮರುತಯಾರಿಯೋ ಎಂದು ಕೇಳಲೇಬೇಕು. ಮಕ್ಕಳು ನುಂಗುವ ಅಪಾಯ ಗಮನಕ್ಕೆ ಬಂದ ಮೇಲೆ ಅಮೆರಿಕದ ಆವೃತ್ತಿಗಳಲ್ಲಿ ಕ್ಷಿಪಣಿಗಳ ವಿನ್ಯಾಸ ಬದಲಾಯಿತು. ಹಾಗಾಗಿ ಒಂದೇ ಗೊಂಬೆಯ ಹಿಂದಿನ, ಮುಂದಿನ ರೂಪಗಳಿಗೆ ಬೇರೆ ಬೇರೆ ಬೆಲೆ. ಬಾಕ್ಸ್, ಒಳಗಿನ ಥರ್ಮೋಕೋಲ್, ಅಂಟಿಸದೆ ಉಳಿದ ಸ್ಟಿಕರ್ ಹಾಳೆ, ಪುಟ್ಟ ಕೈಪಿಡಿ ಎಲ್ಲವೂ ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ನನ್ನ ಒಲವು ಬಾಕ್ಸ್ ಇಲ್ಲದ, ಆಡಿದ ಗೊಂಬೆಗಳ ಕಡೆ. ಇವು ತಿರುಗಿಸಲು, ಮಡಚಲು, ಕೂಡಿಸಲು ಹುಟ್ಟಿದವು. ಪೆಟ್ಟಿಗೆಯ ಪ್ಲಾಸ್ಟಿಕ್ ಕಿಟಕಿಯಾಚೆ ಇಟ್ಟರೆ ವ್ಯಾಲ್ಕಿರಿ ಬರೀ ವಿಮಾನವಾಗಿ ಉಳಿಯುತ್ತದೆ.

ಸತುವಿಗೊಂದು ಕಾಯಿಲೆಯಿದೆ, ಅದನ್ನು ತಿಳಿದಿರಬೇಕು. ಮಿಶ್ರಣದಲ್ಲಿ ಸೀಸ, ತವರದ ಕಣ ಅತ್ಯಲ್ಪ ಸೇರಿದ್ದರೂ, ತೇವದ ಗಾಳಿಯಲ್ಲಿ ಲೋಹ ಒಳಗಿನಿಂದಲೇ ಹರಳುಹರಳಾಗಿ ಬಿರಿಯುತ್ತದೆ. ಬಣ್ಣ ಗುಳ್ಳೆ ಏಳುತ್ತದೆ, ಕೂದಲೆಳೆಯ ಬಿರುಕು ಕಾಣುತ್ತದೆ, ಕೊನೆಗೆ ಬಿಸ್ಕತ್ತಿನ ಪುಡಿಯಾಗಿ ಉದುರುತ್ತದೆ. ಇದಕ್ಕೆ ಮದ್ದಿಲ್ಲ. ಶುದ್ಧ ಸತು ಬಳಸಿದ ಗೊಂಬೆಗೆ ಈ ಭಯ ಕಡಿಮೆ, ಆದರೂ ಉಡುಪಿ, ಕಾರವಾರದ ಮಳೆಗಾಲದ ತೇವದಲ್ಲಿ ಗಾಜಿನ ಕಪಾಟು ಮತ್ತು ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು. ಬಿಳಿ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ, ಹಳೆಯ ವ್ಯಾಲ್ಕಿರಿಗಳಲ್ಲಿ ಇದು ಸಾಮಾನ್ಯ. ಕ್ರೋಮ್ ಲೇಪವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬಾರದು, ಒಣ ಮೆದು ಕುಂಚ ಸಾಕು.

ನಮ್ಮಲ್ಲಿ ಕೊಳ್ಳುವವರಿಗೆ ಸುಂಕವೂ ಒಂದು ಲೆಕ್ಕ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಭಾರದ ಗೊಂಬೆಗೆ ಅಂಚೆ ಖರ್ಚೂ ಭಾರವೇ. ಆದ್ದರಿಂದ ಒಂದು ಗೊಂಬೆಯನ್ನು ಆರಿಸುವ ಮುನ್ನ ಹತ್ತನ್ನು ಓದಿ ತಿಳಿದುಕೊಳ್ಳುವುದು ಒಳ್ಳೆಯದು. ಹೊಸಬರು ಹಳೆಯದನ್ನೇ ಕೊಳ್ಳಬೇಕೆಂದಿದ್ದರೆ ಕಾಂಬ್ಯಾಟ್ಲರ್ ವಿಯ ಐದು ಯಂತ್ರಗಳಲ್ಲಿ ಒಂದರಿಂದ ಶುರುಮಾಡಿ ಎನ್ನುತ್ತೇನೆ, ಅದರಲ್ಲೂ ಬ್ಯಾಟಲ್ ಟ್ಯಾಂಕಿನಿಂದ. ಮೇಲೆ ತೋಳು, ಕೆಳಗೆ ಕಾಲು ಎರಡೂ ಬಂದು ಸೇರುವುದು ಅದಕ್ಕೇ. ಅದರ ಸೇರುಗೂಟ ಸವೆದಿದ್ದರೆ ಉಳಿದ ನಾಲ್ಕು ಎಷ್ಟೇ ಚೆನ್ನಾಗಿದ್ದರೂ ವೀರ ನೆಟ್ಟಗೆ ನಿಲ್ಲುವುದಿಲ್ಲ. ಮಾರುವವರಿಂದ ಮುಂಭಾಗದ ಫೋಟೋ ಅಷ್ಟೇ ಅಲ್ಲ, ಆ ಸೇರುವ ಜಾಗಗಳ ಫೋಟೋ ಕೇಳಿ ತರಿಸಿಕೊಳ್ಳಿ.